ದಾಖಲೆ ಮುಂದಿದೆ, ಓದುವವರೆಲ್ಲಿ?

ಪರೀಕ್ಷೆಯ ದಿನಗಳು ಸಮೀಪಿಸಿದಂತೆ ನಮ್ಮ ಪಟ್ಟಣಗಳ ಪುಸ್ತಕದಂಗಡಿಗಳಲ್ಲಿ ಗೈಡುಗಳ ರಾಶಿ ಏರತೊಡಗುತ್ತದೆ. ಗಣಿತಕ್ಕೂ ವಿಜ್ಞಾನಕ್ಕೂ ಗೈಡುಗಳಿರುವುದು ಹಳೆಯ ಸಂಗತಿ. ಆದರೆ ಇತಿಹಾಸದ ಗೈಡುಗಳಲ್ಲಿ ದಾಖಲೆ ಆಧಾರಿತ ಪ್ರಶ್ನೆಗಳಿಗೂ ಸಿದ್ಧ ಉತ್ತರಗಳು ದೊರೆಯುತ್ತಿವೆ ಎಂಬುದನ್ನು ಎಷ್ಟು ಮಂದಿ ಹೆತ್ತವರು ಗಮನಿಸಿದ್ದಾರೆ? ಹಳೆಯ ಪತ್ರವೊಂದನ್ನೋ ಫರ್ಮಾನನ್ನೋ ಪ್ರವಾಸಿಯ ಬರಹವನ್ನೋ ಮುಂದಿಟ್ಟು, ಇದನ್ನು ನೀನೇ ಓದು, ನೀನೇ ತೂಗಿ ನೋಡು, ನಿನ್ನ ತೀರ್ಮಾನವನ್ನು ಕಾರಣಸಹಿತ ಬರೆ ಎಂದು ಕೇಳುವ ಪ್ರಶ್ನೆ ಅದು. ಅಂತಹ ಪ್ರಶ್ನೆಗೆ ಇನ್ನಾರೋ ಓದಿ, ಇನ್ನಾರೋ ತೂಗಿ ಬರೆದಿಟ್ಟ ಉತ್ತರವನ್ನು ಮಕ್ಕಳಿಂದ ಬಾಯಿಪಾಠ ಮಾಡಿಸುವುದು, ಈಜು ಕಲಿಯಬೇಕಾದವನನ್ನು ದಡದಲ್ಲಿ ಕೂರಿಸಿ ಈಜಿನ ಪುಸ್ತಕವನ್ನು ಒಪ್ಪಿಸಲು ಹೇಳಿದಂತೆ.

ಇದನ್ನು ನಾವು ಪರೀಕ್ಷಾ ಸಿದ್ಧತೆ ಎಂದು ಕರೆಯುತ್ತಿದ್ದೇವೆ. ವಾಸ್ತವದಲ್ಲಿ ಇದು ಮಕ್ಕಳ ಕೈಯಿಂದ ಒಂದು ಶಕ್ತಿಯನ್ನು ಕಸಿದುಕೊಳ್ಳುವ ಕೆಲಸ. ದಾಖಲೆಯನ್ನು ಪ್ರಶ್ನಿಸಲು ಕಲಿಯದ ಪೀಳಿಗೆಯು ನಾಳೆ ಯಾರು ಯಾವ ಕಾಗದವನ್ನು ಮುಖಕ್ಕೆ ಹಿಡಿದರೂ ಒಂದೋ ಕಣ್ಣುಮುಚ್ಚಿ ನಂಬುತ್ತದೆ, ಇಲ್ಲವೇ ಓದದೆಯೇ ಹರಿದೆಸೆಯುತ್ತದೆ. ಎರಡೂ ಅಜ್ಞಾನವೇ. ಆದ್ದರಿಂದ ದಾಖಲೆ ಆಧಾರಿತ ಪ್ರಬಂಧಕ್ಕೆ ಸಿದ್ಧರಾಗುವುದೆಂದರೇನು ಎಂಬ ಪ್ರಶ್ನೆಯನ್ನು ಕೇವಲ ಅಂಕಗಳ ಪ್ರಶ್ನೆಯಾಗಿ ಬಿಟ್ಟುಬಿಡಲು ನಾವು ಸಿದ್ಧರಿಲ್ಲ.

ಈ ಪ್ರಶ್ನೆ ಬಂದದ್ದೇಕೆ?

ಅಮೆರಿಕದ ಕಾಲೇಜ್ ಬೋರ್ಡ್ ಎಂಬ ಸಂಸ್ಥೆಯು ಹೈಸ್ಕೂಲ್ ವಿದ್ಯಾರ್ಥಿಗಳಿಗಾಗಿ ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್ ಪರೀಕ್ಷೆಗಳನ್ನು ನಡೆಸುತ್ತದೆ. 1973ರಲ್ಲಿ ಅಲ್ಲಿನ ಇತಿಹಾಸ ಪರೀಕ್ಷೆಯಲ್ಲಿ ಈ ಬಗೆಯ ಪ್ರಬಂಧವನ್ನು ಮೊದಲ ಬಾರಿಗೆ ಸೇರಿಸಲಾಯಿತು. ವಿದ್ಯಾರ್ಥಿಯು ಇಸವಿಗಳ ಪಟ್ಟಿಯನ್ನು ಒಪ್ಪಿಸುವ ಬದಲು ಇತಿಹಾಸಕಾರನು ಮಾಡುವ ಕೆಲಸವನ್ನು ಸ್ವಲ್ಪವಾದರೂ ಮಾಡಿ ನೋಡಲಿ ಎಂಬುದೇ ಅದರ ಉದ್ದೇಶವಾಗಿತ್ತು. ಇಂಗ್ಲೆಂಡಿನಲ್ಲಿ 1972ರಲ್ಲಿ ಆರಂಭವಾದ ಶಾಲಾ ಇತಿಹಾಸ ಯೋಜನೆಯು ಇದೇ ದಿಕ್ಕಿನಲ್ಲಿ ಸಾಗಿತು. 1988ರಲ್ಲಿ ಮೊದಲ ಬಾರಿಗೆ ನಡೆದ ಜಿಸಿಎಸ್‌ಇ ಪರೀಕ್ಷೆಯ ಹೊತ್ತಿಗೆ ದಾಖಲೆಗಳನ್ನು ಪರಿಶೀಲಿಸುವುದು ಅಲ್ಲಿ ಇತಿಹಾಸ ಕಲಿಕೆಯ ಅವಿಭಾಜ್ಯ ಅಂಗವಾಗಿತ್ತು.

ನಮ್ಮ ದೇಶಕ್ಕೂ ಇದು ಅಪರಿಚಿತವೇನಲ್ಲ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ನಂತರ ಎನ್‌ಸಿಇಆರ್‌ಟಿ ಸಿದ್ಧಪಡಿಸಿದ ಹನ್ನೆರಡನೇ ತರಗತಿಯ ಇತಿಹಾಸ ಪುಸ್ತಕಗಳಲ್ಲಿ ಪಾಠದ ನಡುವೆ ಚೌಕಟ್ಟಿನೊಳಗೆ ಮೂಲ ದಾಖಲೆಗಳ ತುಣುಕುಗಳನ್ನು ಕೊಡಲಾಯಿತು. 1857ರ ಬಂಡಾಯದ ಪಾಠದಲ್ಲಿ ಆ ವರ್ಷದ ಆಗಸ್ಟ್ 25ರ ಆಜಂಗಢ ಘೋಷಣೆಯನ್ನು ವಿದ್ಯಾರ್ಥಿಯು ನೇರವಾಗಿ ಓದಬಹುದು. ಸಿಬಿಎಸ್‌ಇ ಹನ್ನೆರಡನೇ ತರಗತಿಯ 80 ಅಂಕಗಳ ಇತಿಹಾಸ ಪತ್ರಿಕೆಯಲ್ಲಿ ತಲಾ 4 ಅಂಕಗಳ ಮೂರು ದಾಖಲೆ ಆಧಾರಿತ ಪ್ರಶ್ನೆಗಳಿವೆ. ಅಂದರೆ 12 ಅಂಕಗಳು ಓದುವ ಸಾಮರ್ಥ್ಯಕ್ಕೇ ಮೀಸಲು. ಅಮೆರಿಕದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ಮಕ್ಕಳಂತೂ ಅಲ್ಲಿನ ಪೂರ್ಣ ಪ್ರಮಾಣದ ಪ್ರಬಂಧವನ್ನೇ ಬರೆಯುತ್ತಾರೆ.

ಆ ಪೂರ್ಣ ಪ್ರಬಂಧದ ಸ್ವರೂಪವನ್ನು ತಿಳಿದುಕೊಳ್ಳುವುದು ಒಳ್ಳೆಯದು. ವಿದ್ಯಾರ್ಥಿಗೆ ಒಂದು ಪ್ರಶ್ನೆ ಮತ್ತು ಏಳು ದಾಖಲೆಗಳನ್ನು ಕೊಡಲಾಗುತ್ತದೆ. ಪತ್ರ, ಭಾಷಣ, ಕಾಯಿದೆ, ವ್ಯಂಗ್ಯಚಿತ್ರ, ಅಂಕಿಅಂಶಗಳ ಪಟ್ಟಿ ಹೀಗೆ ಯಾವುದೂ ಆಗಿರಬಹುದು. ಓದಲು 15 ನಿಮಿಷ, ಬರೆಯಲು 45 ನಿಮಿಷ. ಇಡೀ ಪರೀಕ್ಷೆಯ ಕಾಲು ಭಾಗದಷ್ಟು ತೂಕ ಈ ಒಂದು ಪ್ರಬಂಧಕ್ಕಿದೆ. ಮೌಲ್ಯಮಾಪನಕ್ಕೆ ಒಟ್ಟು 7 ಅಂಕಗಳು. ಸ್ಪಷ್ಟವಾದ ಪ್ರತಿಪಾದನೆಗೆ 1, ಕಾಲದ ಹಿನ್ನೆಲೆಯನ್ನು ವಿವರಿಸುವುದಕ್ಕೆ 1, ಸಾಕ್ಷ್ಯಕ್ಕೆ 3, ವಿಶ್ಲೇಷಣೆಗೆ 2. ಸಾಕ್ಷ್ಯದ ಮೂರರಲ್ಲಿ ಒಂದು ಅಂಕವು ಕೊಟ್ಟ ದಾಖಲೆಗಳ ಹೊರಗಿನಿಂದ ವಿದ್ಯಾರ್ಥಿಯೇ ತರಬೇಕಾದ ಸಾಕ್ಷ್ಯಕ್ಕೆ. ವಿಶ್ಲೇಷಣೆಯ ಒಂದು ಅಂಕ ದೊರೆಯಬೇಕಾದರೆ ಕನಿಷ್ಠ ಎರಡು ದಾಖಲೆಗಳ ಬಗ್ಗೆ, ಅವುಗಳನ್ನು ಬರೆದವರ ದೃಷ್ಟಿಕೋನ, ಉದ್ದೇಶ, ಸಂದರ್ಭ ಅಥವಾ ಉದ್ದೇಶಿತ ಓದುಗರು ವಾದದ ಮೇಲೆ ಯಾವ ಪರಿಣಾಮ ಬೀರುತ್ತಾರೆ ಎಂಬುದನ್ನು ವಿವರಿಸಬೇಕು.

ಗಮನಿಸಿ: ಇಲ್ಲಿ ಕೇಳಿರುವುದು ಪರಿಣಾಮವನ್ನು. ಬರೆದವನ ಹೆಸರನ್ನು ಉಲ್ಲೇಖಿಸಿದರೆ ಸಾಲದು.

ಸೂತ್ರಗಳ ಹಾವಳಿ

ದುರದೃಷ್ಟವಶಾತ್ ಕೋಚಿಂಗ್ ಎಂಬ ಉದ್ಯಮವು ಇದನ್ನೂ ಸೂತ್ರಕ್ಕಿಳಿಸಿದೆ. ಸಂದರ್ಭ, ಓದುಗ, ಉದ್ದೇಶ, ದೃಷ್ಟಿಕೋನ ಎಂಬ ನಾಲ್ಕು ಪದಗಳ ಮೊದಲ ಅಕ್ಷರಗಳನ್ನು ಜೋಡಿಸಿ ಅಮೆರಿಕದಲ್ಲಿ ಒಂದು ಮಂತ್ರವನ್ನು ಮಾಡಿಕೊಂಡಿದ್ದಾರೆ. ವಿದ್ಯಾರ್ಥಿಯು ಪ್ರತಿಯೊಂದು ದಾಖಲೆಯ ಮೇಲೂ ಆ ಮಂತ್ರವನ್ನು ಊದುತ್ತಾನೆ. ‘ಈ ದಾಖಲೆಯನ್ನು ಬರೆದವನು ಬ್ರಿಟಿಷ್ ಅಧಿಕಾರಿ, ಆದ್ದರಿಂದ ಇದು ಪಕ್ಷಪಾತದಿಂದ ಕೂಡಿದೆ’ ಎಂದು ಬರೆದು ಮುಂದಿನ ದಾಖಲೆಗೆ ಹಾರುತ್ತಾನೆ. ಯಾವ ವಿಷಯದಲ್ಲಿ ಪಕ್ಷಪಾತ? ಯಾವ ಸಾಲಿನಲ್ಲಿ? ಪಕ್ಷಪಾತಿಯ ಮಾತಿನಲ್ಲಿಯೂ ನಂಬತಕ್ಕ ಅಂಶವಿದೆಯೇ? ಈ ಪ್ರಶ್ನೆಗಳು ಏಳುವುದೇ ಇಲ್ಲ. ನಮ್ಮ ಗೈಡುಗಳ ಮಾರ್ಗ ಇನ್ನೂ ಸುಲಭದ್ದು. ಪ್ರಶ್ನೆಯಲ್ಲಿರುವ ಪದವನ್ನು ದಾಖಲೆಯಲ್ಲಿ ಹುಡುಕು, ಅದರ ಹಿಂದುಮುಂದಿನ ಎರಡು ಸಾಲುಗಳನ್ನು ಇಳಿಸು, ಅಂಕ ಸಿಗುತ್ತದೆ. ಇದು ಓದುವಿಕೆಯೋ ನಕಲು ಮಾಡುವಿಕೆಯೋ?

ಈ ಬಗೆಯ ಓದಿಗೂ ನಿಜವಾದ ಓದಿಗೂ ಇರುವ ಅಂತರವನ್ನು ಅಮೆರಿಕದ ವಿದ್ವಾಂಸ ಸ್ಯಾಮ್ ವೈನ್‌ಬರ್ಗ್ 1991ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ತೋರಿಸಿಕೊಟ್ಟರು. ಎಂಟು ಮಂದಿ ಇತಿಹಾಸಕಾರರು ಮತ್ತು ಎಂಟು ಮಂದಿ ಪ್ರತಿಭಾವಂತ ಹೈಸ್ಕೂಲ್ ವಿದ್ಯಾರ್ಥಿಗಳ ಮುಂದೆ ಅವರು 1775ರ ಲೆಕ್ಸಿಂಗ್ಟನ್ ಕದನಕ್ಕೆ ಸಂಬಂಧಿಸಿದ ಬರಹಗಳನ್ನಿಟ್ಟರು. ವಿದ್ಯಾರ್ಥಿಗಳು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಪಾಠ ಓದಿದಂತೆ ಓದಿದರು. ಇತಿಹಾಸಕಾರರ ಕಣ್ಣು ಮಾತ್ರ ಮೊದಲು ಕೆಳಗಿನ ಟಿಪ್ಪಣಿಯತ್ತ ಹೋಯಿತು: ಇದನ್ನು ಬರೆದವರಾರು? ಯಾವಾಗ? ವಿದ್ಯಾರ್ಥಿಗಳು ಪಠ್ಯಪುಸ್ತಕದ ತುಣುಕನ್ನೇ ಹೆಚ್ಚು ನಂಬಿದರು. ಇತಿಹಾಸಕಾರರು ಅದಕ್ಕೆ ಕೆಳಗಿನ ಸ್ಥಾನ ಕೊಟ್ಟರು. ವಿಶೇಷವೇನೆಂದರೆ, ಅಮೆರಿಕದ ಕ್ರಾಂತಿಯ ಬಗ್ಗೆ ಕೇಳಿದ ಮಾಹಿತಿ ಪ್ರಶ್ನೆಗಳಲ್ಲಿ ಕೆಲವು ವಿದ್ಯಾರ್ಥಿಗಳು ಕೆಲವು ಇತಿಹಾಸಕಾರರಿಗಿಂತ ಮುಂದಿದ್ದರು. ಮಾಹಿತಿ ಅವರಲ್ಲಿತ್ತು, ದಾಖಲೆಯನ್ನು ವಿಚಾರಿಸುವ ಅಭ್ಯಾಸವಿರಲಿಲ್ಲ. ವೈನ್‌ಬರ್ಗ್ ಆ ಅಭ್ಯಾಸವನ್ನು ಮೂರಾಗಿ ವಿಂಗಡಿಸಿದರು. ಮೂಲವನ್ನು ವಿಚಾರಿಸುವುದು, ಕಾಲ ಮತ್ತು ಸ್ಥಳದ ಹಿನ್ನೆಲೆಯಲ್ಲಿಡುವುದು, ಒಂದು ದಾಖಲೆಯನ್ನು ಇನ್ನೊಂದರೊಂದಿಗೆ ಒರೆಹಚ್ಚುವುದು.

ಇಲ್ಲಿ ಕೆಲವರು ಆಕ್ಷೇಪವೆತ್ತಬಹುದು. ಬಡ ಮತ್ತು ಮಧ್ಯಮ ವರ್ಗದ ಮಗುವಿಗೆ ಬೇಕಾದದ್ದು ಅಂಕ, ಸೂತ್ರದಿಂದ ನಾಲ್ಕು ಅಂಕ ಬರುವುದಾದರೆ ನಿಮಗೇನು ಕಷ್ಟ ಎಂದು. ಈ ಆಕ್ಷೇಪವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಮನೆಯಲ್ಲಿ ಓದಿಸುವವರಿಲ್ಲದ ಮಗುವಿಗೆ ಬರೆಯಲು ಒಂದು ಚೌಕಟ್ಟು ಬೇಕು ಎಂಬುದು ನಿಜ. ಚೌಕಟ್ಟು ಕೊಡಿ. ಆದರೆ ಚೌಕಟ್ಟಿನೊಳಗೆ ಚಿತ್ರವನ್ನೂ ನೀವೇ ಬರೆದುಕೊಟ್ಟರೆ, ಪ್ರಶ್ನೆ ಸ್ವಲ್ಪ ತಿರುಗಿ ಬಂದ ದಿನ ಆ ಮಗು ಖಾಲಿ ಕೈಯಲ್ಲಿ ಕುಳಿತಿರುತ್ತದೆ. ಏಳು ಅಂಕಗಳ ಆ ಪ್ರಬಂಧದಲ್ಲಿ ಸೂತ್ರವು ಕೆಳಗಿನ ಮೆಟ್ಟಿಲುಗಳವರೆಗೆ ಕೊಂಡೊಯ್ಯುತ್ತದೆ. ಮೇಲಿನ ಮೆಟ್ಟಿಲುಗಳಿಗೆ ಏರಬೇಕಾದರೆ ವಿಚಾರವೇ ಬೇಕು. ಅಂಕಗಳ ಲೆಕ್ಕದಲ್ಲಿಯೂ ಬಾಯಿಪಾಠವು ನಷ್ಟದ ವ್ಯಾಪಾರ.

ಒಂದು ಉದಾಹರಣೆ

ದಾಖಲೆಗಳನ್ನು ಓದುವುದು ಹೇಗೆ ಎಂಬುದನ್ನು ತೋರಿಸಲು ನಾವು ದೂರದ ಉದಾಹರಣೆಗೆ ಹೋಗುವುದಿಲ್ಲ. ನಮ್ಮ ನಾಡಿನಲ್ಲಿ ಅತಿ ಹೆಚ್ಚು ಕೂಗಾಟಕ್ಕೆ ಕಾರಣವಾದ, ಅತಿ ಕಡಿಮೆ ಓದಲ್ಪಟ್ಟ ವಿಷಯವನ್ನೇ ತೆಗೆದುಕೊಳ್ಳೋಣ. ಪ್ರಶ್ನೆ ಹೀಗಿರಲಿ: ಟಿಪ್ಪು ಸುಲ್ತಾನರು ಅನ್ಯಧರ್ಮೀಯ ಪ್ರಜೆಗಳೊಂದಿಗೆ ನಡೆದುಕೊಂಡ ರೀತಿಯನ್ನು ಅವರ ಧರ್ಮನಿಷ್ಠೆ ಎಷ್ಟರ ಮಟ್ಟಿಗೆ ನಿರ್ಧರಿಸಿತು? ಅಮೆರಿಕದ ಮಾದರಿಯಲ್ಲೇ ಏಳು ದಾಖಲೆಗಳನ್ನು ಮುಂದಿಡೋಣ.

ಮೊದಲನೆಯದು ಶೃಂಗೇರಿಯ ಪತ್ರಗಳು. 1791ರಲ್ಲಿ, ಮೂರನೇ ಆಂಗ್ಲೋ-ಮೈಸೂರು ಯುದ್ಧದ ಕಾಲದಲ್ಲಿ, ಮರಾಠಾ ಸೈನ್ಯದ ತುಕಡಿಯೊಂದು ಶೃಂಗೇರಿ ಮಠವನ್ನು ಲೂಟಿ ಮಾಡಿತು. ಮಠಾಧಿಪತಿಗಳಿಗೆ ಟಿಪ್ಪು ಕನ್ನಡದಲ್ಲಿ ಪತ್ರ ಬರೆದು ದುಃಖ ವ್ಯಕ್ತಪಡಿಸಿದರು, ಪುನಃಪ್ರತಿಷ್ಠಾಪನೆಗೆ ನೆರವು ನೀಡಲು ಬಿದನೂರಿನ ಅಧಿಕಾರಿಗೆ ಆಜ್ಞಾಪಿಸಿದರು. 1916ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ನಿರ್ದೇಶಕರಾಗಿದ್ದ ಆರ್. ನರಸಿಂಹಾಚಾರ್ಯರ ಮೂಲಕ ಈ ಪತ್ರಗಳ ಕಟ್ಟು ಬೆಳಕಿಗೆ ಬಂತು. ಎರಡನೆಯದು ಶ್ರೀರಂಗಪಟ್ಟಣದ ರಂಗನಾಥ ದೇವಾಲಯಕ್ಕೆ ಟಿಪ್ಪು ನೀಡಿದ ಬೆಳ್ಳಿ ಪಾತ್ರೆಗಳ ಮೇಲಿನ ಬರಹ. ಮೂರನೆಯದು ಕೊಡಗಿನ ದಂಡಯಾತ್ರೆಯ ಬಗ್ಗೆ ಕರ್ನೂಲಿನ ನವಾಬ ರಣಮಸ್ತ್ ಖಾನರಿಗೆ ಟಿಪ್ಪು ಬರೆದ ಪಾರ್ಸಿ ಪತ್ರ. 40,000 ಕೊಡವರನ್ನು ಸೆರೆಹಿಡಿದು ಮತಾಂತರಿಸಿದುದಾಗಿ ಅದರಲ್ಲಿ ಹೇಳಲಾಗಿದೆ. ಕರ್ನಲ್ ವಿಲಿಯಂ ಕರ್ಕ್‌ಪ್ಯಾಟ್ರಿಕ್ 1811ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ ಆಯ್ದ ಪತ್ರಗಳ ಸಂಪುಟದಲ್ಲಿ ಅದರ ಇಂಗ್ಲಿಷ್ ಅನುವಾದವಿದೆ.

ನಾಲ್ಕನೆಯದು ಶ್ರೀರಂಗಪಟ್ಟಣದಲ್ಲಿ ವರ್ಷಗಟ್ಟಲೆ ಸೆರೆಯಲ್ಲಿದ್ದ ಜೇಮ್ಸ್ ಸ್ಕರಿ ಎಂಬ ಇಂಗ್ಲಿಷನ ನೆನಪುಗಳು. ಇದು 1824ರಲ್ಲಿ ಅಚ್ಚಾಯಿತು. 1784ರಲ್ಲಿ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದುದರ ಪ್ರಸ್ತಾಪ ಅದರಲ್ಲಿದೆ. ಐದನೆಯದು ಹೈದರ್ ಮತ್ತು ಟಿಪ್ಪು ಇಬ್ಬರ ಆಶ್ರಯದಲ್ಲೂ ಇದ್ದ ಮೀರ್ ಹುಸೇನ್ ಅಲಿ ಕಿರ್ಮಾನಿ ಪಾರ್ಸಿಯಲ್ಲಿ ರಚಿಸಿದ ನಿಶಾನೆ ಹೈದರಿ. ಆರನೆಯದು ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟನ ಹೊಣೆ ಹೊತ್ತಿದ್ದ ಮಾರ್ಕ್ ವಿಲ್ಕ್ಸ್ 1810ರಿಂದ 1817ರ ನಡುವೆ ಪ್ರಕಟಿಸಿದ ಇತಿಹಾಸ. ಏಳನೆಯದು 1799ರಲ್ಲಿ ಶ್ರೀರಂಗಪಟ್ಟಣದ ಪತನಾನಂತರ ಅರಮನೆಯಲ್ಲಿ ದೊರೆತ, ಟಿಪ್ಪು ಸ್ವತಃ 37 ಕನಸುಗಳನ್ನು ಬರೆದಿಟ್ಟಿದ್ದ ಪುಸ್ತಕ.

ಈಗ ಸೂತ್ರದ ವಿದ್ಯಾರ್ಥಿ ಏನು ಮಾಡುತ್ತಾನೆ? ಎರಡು ರಾಶಿ ಮಾಡುತ್ತಾನೆ. ಮೊದಲೆರಡು ಟಿಪ್ಪುವಿನ ಪರ, ಉಳಿದವು ವಿರೋಧ. ತನ್ನ ಮನೆಯಲ್ಲಿ ಕೇಳಿದ ಮಾತಿಗೆ ಅನುಗುಣವಾಗಿ ಒಂದು ರಾಶಿಯನ್ನು ಎತ್ತಿಹಿಡಿದು ಇನ್ನೊಂದನ್ನು ಪಕ್ಷಪಾತವೆಂದು ತಳ್ಳಿಹಾಕುತ್ತಾನೆ.

ಓದಲು ಬಲ್ಲ ವಿದ್ಯಾರ್ಥಿಯ ದಾರಿ ಬೇರೆ. ಮೂರನೆಯ ದಾಖಲೆಯನ್ನೇ ತೆಗೆದುಕೊಳ್ಳಿ. ಅನುವಾದಕ ಕರ್ಕ್‌ಪ್ಯಾಟ್ರಿಕ್ ಕಂಪನಿಯ ಅಧಿಕಾರಿ, ಟಿಪ್ಪುವನ್ನು ಸೋಲಿಸಿದ ಗವರ್ನರ್ ಜನರಲ್ ವೆಲ್ಲೆಸ್ಲಿಯ ಪರಿವಾರದವನು. ಸಾವಿರಾರು ಪತ್ರಗಳಲ್ಲಿ ಯಾವುದನ್ನು ಆಯಬೇಕೆಂದು ನಿರ್ಧರಿಸಿದವನೂ ಅವನೇ. ತನ್ನ ಪೀಠಿಕೆಯಲ್ಲಿ ಟಿಪ್ಪುವನ್ನು ಕ್ರೂರಿಯೆಂದೂ ಮತಾಂಧನೆಂದೂ ಅವನು ಬಣ್ಣಿಸಿದ್ದಾನೆ. ಆದ್ದರಿಂದ ಆಯ್ಕೆಯ ಬಗ್ಗೆ ಎಚ್ಚರ ಬೇಕು. ಆದರೆ ಪತ್ರದ ಮಾತು ಕರ್ಕ್‌ಪ್ಯಾಟ್ರಿಕ್‌ನದಲ್ಲ, ಟಿಪ್ಪುವಿನದು. ಓರ್ವ ದೊರೆ ಇನ್ನೋರ್ವ ದೊರೆಗೆ ತನ್ನ ವಿಜಯವನ್ನು ಸಾರುವಾಗ ಸಂಖ್ಯೆ ಉಬ್ಬುವುದು ಸಹಜ. ಕೊಡಗಿನ ಸೆರೆಯಾಳುಗಳ ಸಂಖ್ಯೆಯು ಬೇರೆ ಬೇರೆ ಬರಹಗಳಲ್ಲಿ ಕೆಲವು ನೂರರಿಂದ ಹಿಡಿದು 80,000ದವರೆಗೆ ಏರಿಳಿಯುತ್ತದೆ. ಆದ್ದರಿಂದ 40,000 ಎಂಬ ಅಂಕಿಯನ್ನು ಹಾಗೆಯೇ ಸ್ವೀಕರಿಸಬೇಕಾಗಿಲ್ಲ. ಆದರೆ ಬಲವಂತದ ಶಿಕ್ಷೆ ನಡೆಯಿತು, ಅದರಲ್ಲಿ ಮತಾಂತರವೂ ಸೇರಿತ್ತು ಎಂಬುದನ್ನು ಸ್ವತಃ ದೊರೆಯೇ ಹೆಮ್ಮೆಯಿಂದ ಹೇಳಿಕೊಂಡಿರುವಾಗ ಅದನ್ನು ಬ್ರಿಟಿಷರ ಕಟ್ಟುಕಥೆ ಎಂದು ತಳ್ಳಿಹಾಕುವಂತೆಯೂ ಇಲ್ಲ.

ಇದೇ ಪರೀಕ್ಷೆಯನ್ನು ಮೊದಲ ದಾಖಲೆಗೂ ಒಡ್ಡಬೇಕು. 1791ರಲ್ಲಿ ಟಿಪ್ಪು ಬ್ರಿಟಿಷರು, ನಿಜಾಮ ಮತ್ತು ಮರಾಠರು ಈ ಮೂವರನ್ನೂ ಒಟ್ಟಿಗೆ ಎದುರಿಸುತ್ತಿದ್ದರು. ಲೂಟಿ ಮಾಡಿದವರು ಅವರ ಶತ್ರುಗಳು. ಅಂತಹ ಹೊತ್ತಿನಲ್ಲಿ ಮಠದ ಆಶೀರ್ವಾದ ರಾಜಕೀಯವಾಗಿಯೂ ಬೆಲೆಯುಳ್ಳದ್ದು. ಆದರೆ ಈ ಒಂದು ಮಾತಿನಿಂದ ಪತ್ರದ ತೂಕ ಇಳಿದುಹೋಗುವುದಿಲ್ಲ. ದಾಳಿಯ ನಂತರದ ವರ್ಷಗಳಲ್ಲೂ ಪತ್ರವ್ಯವಹಾರ ಮುಂದುವರಿಯಿತು. ಜೊತೆಗೆ ಬೆಳ್ಳಿ ಪಾತ್ರೆಗಳ ಸಾಕ್ಷ್ಯವಿದೆ. ಒಂದು ದಾಖಲೆಯು ಇನ್ನೊಂದಕ್ಕೆ ಬಲ ಕೊಡುವುದೆಂದರೆ ಹೀಗೆ.

ಕಿರ್ಮಾನಿಯ ವಿಷಯದಲ್ಲಿ ವಿದ್ಯಾರ್ಥಿಗೆ ಇನ್ನೊಂದು ಪಾಠವಿದೆ. ಶತ್ರುವಿನ ಲೇಖನಿ ಮಾತ್ರ ಉತ್ಪ್ರೇಕ್ಷೆ ಮಾಡುತ್ತದೆಂದು ನಂಬುವವರು ಬಹಳ. ಹೊಗಳುವ ಲೇಖನಿಯೂ ಉತ್ಪ್ರೇಕ್ಷೆ ಮಾಡುತ್ತದೆ, ಕೆಲವೊಮ್ಮೆ ಇನ್ನೂ ಹೆಚ್ಚು. ಸ್ಕರಿ ಕಣ್ಣಾರೆ ಕಂಡವನು. ಆದರೆ ಅವನ ಬರಹ ಅಚ್ಚಾದದ್ದು ದಶಕಗಳ ನಂತರ, ಟಿಪ್ಪುವಿನ ಕ್ರೌರ್ಯದ ಕಥೆಗಳನ್ನು ಕಾತರದಿಂದ ಓದುತ್ತಿದ್ದ ಇಂಗ್ಲಿಷ್ ಓದುಗರಿಗಾಗಿ. ಕನಸುಗಳ ಪುಸ್ತಕವಂತೂ ಯಾರಿಗೂ ತೋರಿಸಲೆಂದು ಬರೆದದ್ದಲ್ಲ. ಆದ್ದರಿಂದ ಮನಸ್ಸನ್ನು ಅರಿಯಲು ಅದು ಸಹಾಯಕ. ಆದರೆ ಕನಸಿನಿಂದ ಕಂದಾಯದ ನೀತಿಯನ್ನೋ ದಂಡನೆಯ ಕ್ರಮವನ್ನೋ ತಿಳಿಯಲಾಗದು.

ಇಷ್ಟು ವಿಚಾರಿಸಿದ ಮೇಲೆ ವಿದ್ಯಾರ್ಥಿಯು ಪ್ರತಿಪಾದನೆಯೊಂದನ್ನು ಬರೆಯಬಲ್ಲನು: ‘ಟಿಪ್ಪುವಿನ ನಡವಳಿಕೆಯನ್ನು ಹೆಚ್ಚಾಗಿ ನಿರ್ಧರಿಸಿದ್ದು ಪ್ರಭುತ್ವಕ್ಕೆ ತೋರಿದ ನಿಷ್ಠೆ ಅಥವಾ ಎಸಗಿದ ದಂಗೆ. ನಿಷ್ಠವಾಗಿದ್ದ ಮಠ ಮತ್ತು ದೇವಾಲಯಗಳಿಗೆ ಪೋಷಣೆ ದೊರೆಯಿತು, ಶತ್ರುಗಳೊಂದಿಗೆ ಕೈಜೋಡಿಸಿದರೆಂದು ಆತ ಬಗೆದ ಸಮುದಾಯಗಳಿಗೆ ಶಿಕ್ಷೆ ದೊರೆಯಿತು. ಆದರೆ ಆ ಶಿಕ್ಷೆಯು ಮತಾಂತರದ ರೂಪ ತಾಳಿದ್ದರಿಂದ ಧರ್ಮದ ಪಾತ್ರವನ್ನು ಅಲ್ಲಗಳೆಯಲಾಗದು.’ ಇದನ್ನು ಒಪ್ಪದ ವಿದ್ಯಾರ್ಥಿಯೂ ಇರಬಹುದು. ಅವನು ಇದೇ ಏಳು ದಾಖಲೆಗಳಿಂದ ಬೇರೊಂದು ವಾದವನ್ನು ಕಟ್ಟಿದರೆ ಅವನಿಗೂ ಪೂರ್ಣ ಅಂಕ ಸಲ್ಲಬೇಕು. ಪರೀಕ್ಷಕನು ನೋಡಬೇಕಾದದ್ದು ವಾದಕ್ಕೆ ಆಧಾರವಿದೆಯೇ ಎಂಬುದನ್ನು. ವಾದವು ತನಗೆ ಹಿತವೇ ಎಂಬುದು ಅವನ ಚಿಂತೆಯಾಗಬಾರದು.

ನಮ್ಮದೇ ಕನ್ನಡಿ

2015ರ ನವೆಂಬರ್‌ನಲ್ಲಿ ರಾಜ್ಯ ಸರಕಾರವು ಟಿಪ್ಪು ಜಯಂತಿಯನ್ನು ಆರಂಭಿಸಿದಾಗ ಕೊಡಗಿನಲ್ಲಿ ಗಲಭೆಯಾಗಿ ಜೀವಗಳು ಬಲಿಯಾದವು. 2019ರ ಜುಲೈಯಲ್ಲಿ ಇನ್ನೊಂದು ಸರಕಾರ ಅದನ್ನು ರದ್ದುಪಡಿಸಿತು. ಆ ನಾಲ್ಕು ವರ್ಷಗಳಲ್ಲಿ ನಡೆದ ಚರ್ಚೆಯಾದರೂ ಎಂತಹದ್ದು? ಒಂದು ಕಡೆಯವರ ಕೈಯಲ್ಲಿ ಕೊಡಗಿನ ಪತ್ರ, ಇನ್ನೊಂದು ಕಡೆಯವರ ಕೈಯಲ್ಲಿ ಶೃಂಗೇರಿಯ ಪತ್ರ. ಎದುರಿನವರ ಕೈಯಲ್ಲಿದ್ದುದನ್ನು ಓದಿದವರು ಎಷ್ಟು ಮಂದಿ?

ಇತಿಹಾಸವನ್ನು ದ್ವೇಷದ ಸರಕಾಗಿ ಮಾರುವವರನ್ನು ನಾವು ಈ ಹಿಂದೆಯೂ ಖಂಡಿಸಿದ್ದೇವೆ, ಮುಂದೆಯೂ ಖಂಡಿಸುತ್ತೇವೆ. ಆದರೆ ನಮ್ಮ ಸಮುದಾಯವನ್ನು ಕೂಡ ನಾವು ಕೇಳಲೇಬೇಕು. ನಮ್ಮ ಭಾಷಣಕಾರರು ಶೃಂಗೇರಿಯ ಪತ್ರವನ್ನು ನೂರು ಬಾರಿ ಉಲ್ಲೇಖಿಸಿದರು. ಕರಾವಳಿಯ ಕ್ರೈಸ್ತರ ಸೆರೆವಾಸದ ಬಗ್ಗೆ ಒಂದು ಬಾರಿಯಾದರೂ ಮಾತನಾಡಿದರೇ? ಹಿತವಾದ ದಾಖಲೆಯನ್ನು ಮಾತ್ರ ಎತ್ತಿ ತೋರಿಸುವುದು ವಕಾಲತ್ತು, ಅದನ್ನು ಇತಿಹಾಸವೆನ್ನಲಾಗದು. ಓರ್ವ ದೊರೆಯ ತಪ್ಪನ್ನು ಒಪ್ಪಿದರೆ ಸಮುದಾಯದ ಮಾನ ಹೋಗುತ್ತದೆಂಬ ಭಯ ನಿರಾಧಾರ. ಹದಿನೆಂಟನೇ ಶತಮಾನದ ಸುಲ್ತಾನನ ಲೆಕ್ಕವನ್ನು ಇಪ್ಪತ್ತೊಂದನೇ ಶತಮಾನದ ಬೀಡಿ ಕಾರ್ಮಿಕನ ಮಗನಿಂದ ಕೇಳುವುದು ಅನ್ಯಾಯ. ಆ ಅನ್ಯಾಯಕ್ಕೆ ಉತ್ತರ ಕೊಡಬೇಕಾದ ಮಗ ಮೊದಲು ದಾಖಲೆಗಳನ್ನು ಪೂರ್ತಿ ಓದಿದವನಾಗಿರಬೇಕು.

ದಾಖಲೆಯ ವಿಚಾರಣೆ ಪಶ್ಚಿಮದವರು ಹೇಳಿಕೊಟ್ಟ ಹೊಸ ವಿದ್ಯೆಯೇನಲ್ಲ. ಮದ್ರಸದ ಚಾಪೆಯಲ್ಲೂ ಕಾಲೇಜಿನ ಬೆಂಚಿನಲ್ಲೂ ಕುಳಿತು ಬಂದ ನಮಗೆ ಎರಡೂ ಕಡೆ ಒಂದೇ ಪ್ರಶ್ನೆಗಳು ಕೇಳಿಸಿವೆ. ಹದೀಸ್ ವಿದ್ವಾಂಸರು ವರದಿಯೊಂದನ್ನು ಸ್ವೀಕರಿಸುವ ಮುನ್ನ ಇಸ್ನಾದ್ ಅಂದರೆ ವರದಿಗಾರರ ಸರಪಳಿಯನ್ನು ಕೇಳಿದರು. ಒಬ್ಬೊಬ್ಬ ವರದಿಗಾರನ ಸತ್ಯಸಂಧತೆ, ನೆನಪಿನ ಶಕ್ತಿ, ಅವನು ಯಾರನ್ನು ಭೇಟಿಯಾಗಿದ್ದ ಎಂಬುದನ್ನು ಶೋಧಿಸಿದರು. 1377ರಲ್ಲಿ ಮುಕದ್ದಿಮ ಬರೆದ ಇಬ್ನ್ ಖಲ್ದೂನ್ ಇನ್ನೂ ಮುಂದೆ ಹೋಗಿ, ವರದಿಯು ತನ್ನಷ್ಟಕ್ಕೇ ಸಾಧ್ಯವೇ ಎಂದು ಕೇಳಿದರು. ಪ್ರವಾದಿ ಮೂಸಾರ ಸೈನ್ಯದಲ್ಲಿ 6,00,000ಕ್ಕೂ ಹೆಚ್ಚು ಮಂದಿಯಿದ್ದರೆಂದು ಹಿಂದಿನ ಇತಿಹಾಸಕಾರರು ಬರೆದಿದ್ದನ್ನು ಅವರು ಒಪ್ಪಲಿಲ್ಲ. ಅಷ್ಟು ದೊಡ್ಡ ಸೈನ್ಯವು ಒಂದಾಗಿ ಚಲಿಸಿ ಹೋರಾಡಲು ಸಾಧ್ಯವೇ, ಆ ನಾಡು ಅಷ್ಟು ಮಂದಿಯನ್ನು ಸಾಕಬಲ್ಲುದೇ, ಕೆಲವೇ ತಲೆಮಾರುಗಳಲ್ಲಿ ಜನಸಂಖ್ಯೆ ಅಷ್ಟಾಗಬಲ್ಲುದೇ ಎಂದು ಲೆಕ್ಕ ಹಾಕಿದರು. ಬರೆದವರು ಸ್ವಧರ್ಮದವರು ಎಂಬ ಕಾರಣಕ್ಕೆ ಅವರು ವಿನಾಯಿತಿ ಕೊಡಲಿಲ್ಲ. ಈ ಪರಂಪರೆಯ ವಾರಸುದಾರರೆಂದು ಹೇಳಿಕೊಳ್ಳುವ ನಾವು ಇಂದು ಹೆಸರಿಲ್ಲದ, ದಿನಾಂಕವಿಲ್ಲದ ಸಂದೇಶಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ಹಂಚುತ್ತಿದ್ದೇವೆ!

ಮಾಡಬೇಕಾದದ್ದೇನು?

ಮೊದಲನೆಯದಾಗಿ, ವಿದ್ಯಾರ್ಥಿಯು ಪ್ರಶ್ನೆಯನ್ನು ಓದಿದ ನಂತರ ದಾಖಲೆಯನ್ನು ಓದಲಿ, ದಾಖಲೆಯಲ್ಲಿ ಮೊದಲು ಅದರ ಮೂಲವನ್ನು ಓದಲಿ. ಬರೆದವರಾರು, ಯಾವಾಗ, ಯಾರಿಗೆ, ಏಕೆ ಎಂಬುದನ್ನು ಅಂಚಿನಲ್ಲಿ ಒಂದೊಂದು ಪದದಲ್ಲಿ ಗುರುತಿಸಿಕೊಳ್ಳಲಿ. ನಂತರ ದಾಖಲೆಗಳನ್ನು ಗುಂಪು ಮಾಡಲಿ. ಪರ ಮತ್ತು ವಿರೋಧ ಎಂಬ ಎರಡೇ ಗುಂಪುಗಳಿಗೆ ತೃಪ್ತನಾಗದೆ ಯಾವ ದಾಖಲೆ ಯಾವುದಕ್ಕೆ ಬಲ ಕೊಡುತ್ತದೆ, ಯಾವುದನ್ನು ಅಲುಗಾಡಿಸುತ್ತದೆ ಎಂದು ನೋಡಲಿ. ಯಾರ ದನಿ ಇಲ್ಲಿ ಇಲ್ಲವೆಂಬುದನ್ನೂ ಕೇಳಿಕೊಳ್ಳಲಿ. ಮೇಲಿನ ಏಳು ದಾಖಲೆಗಳಲ್ಲಿ ಸೆರೆಯಾದ ಕೊಡವ ಹೆಂಗಸಿನ ಮಾತೆಲ್ಲಿದೆ? ಆಮೇಲೆ ಒಂದೇ ವಾಕ್ಯದಲ್ಲಿ ತನ್ನ ಪ್ರತಿಪಾದನೆಯನ್ನು ಬರೆಯಲಿ. ಉದ್ಧರಣೆಗಳನ್ನು ಸುರಿಯುವ ಬದಲು ತನ್ನ ಮಾತಿನಲ್ಲಿ ಸಾರವನ್ನು ಹೇಳಿ, ಅದು ವಾದಕ್ಕೆ ಹೇಗೆ ನೆರವಾಗುತ್ತದೆಂದು ವಿವರಿಸಲಿ. ವಾರಕ್ಕೊಮ್ಮೆ ಗಡಿಯಾರವಿಟ್ಟು ಒಂದು ಪ್ರಬಂಧ ಬರೆಯುವುದು, ಹತ್ತು ಸಿದ್ಧ ಉತ್ತರಗಳನ್ನು ಉರುಹಚ್ಚುವುದಕ್ಕಿಂತ ಮೇಲು.

ಎರಡನೆಯದಾಗಿ, ಹೆತ್ತವರೇ, ನಿಮ್ಮ ಮನೆಯ ಪೆಟ್ಟಿಗೆಯನ್ನು ತೆರೆಯಿರಿ. ಅಜ್ಜನ ನಿಕಾಹ್‌ನಾಮೆ, ಜಮೀನಿನ ಹಳೆಯ ಪತ್ರ, ಗಲ್ಫಿನಿಂದ ಬಂದ ಕಾಗದಗಳು, ಊರ ಮಸೀದಿಯ ವಕ್ಫ್ ದಾಖಲೆ ಇವೆಲ್ಲವೂ ಇತಿಹಾಸದ ಆಕರಗಳೇ. ಗಲ್ಫಿನಿಂದ ಮಗ ತಾಯಿಗೆ ಬರೆದ ಪತ್ರದಲ್ಲಿ ಸುಖವಾಗಿದ್ದೇನೆ ಎಂದಿದ್ದರೆ, ಆ ಮಾತನ್ನು ಯಾರಿಗಾಗಿ, ಏಕೆ ಬರೆದನೆಂದು ಮಗುವನ್ನು ಕೇಳಿ. ದಾಖಲೆಯ ಉದ್ದೇಶ ಮತ್ತು ಓದುಗ ಎಂದರೇನೆಂದು ಯಾವ ಕೋಚಿಂಗಿಗಿಂತಲೂ ಚೆನ್ನಾಗಿ ಅದಕ್ಕೆ ಅರ್ಥವಾಗುತ್ತದೆ. ಮಗಳು ಕಲಾ ವಿಭಾಗವನ್ನು ಆರಿಸಿಕೊಂಡರೆ ಮನೆಗೆ ಆಪತ್ತು ಬಂದಂತೆ ಮುಖ ಬಾಡಿಸುವುದನ್ನೂ ನಿಲ್ಲಿಸಿ. ವೈದ್ಯರು, ಇಂಜಿನಿಯರುಗಳು ಬೇಕು, ಸಂದೇಹವಿಲ್ಲ. ಆದರೆ ಪತ್ರಾಗಾರದಲ್ಲಿ ಕುಳಿತು ಪಾರ್ಸಿ ಮತ್ತು ಹಳೆಯ ಕನ್ನಡ ಬರಹಗಳನ್ನು ಓದಬಲ್ಲವರು ನಮ್ಮಲ್ಲಿ ಇಲ್ಲವಾದರೆ, ನಮ್ಮ ಗತವನ್ನು ಬೇರೆಯವರು ಬರೆಯುತ್ತಾರೆ, ನಾವು ಪ್ರತಿಭಟನೆಯ ಮನವಿಪತ್ರವನ್ನು ಬರೆಯುತ್ತೇವೆ.

ಮೂರನೆಯದಾಗಿ, ಶಿಕ್ಷಣ ಇಲಾಖೆಗಳು ಮತ್ತು ಮಂಡಳಿಗಳಿಗೆ ನಮ್ಮ ಮಾತು. ಸಾಲುಗಳನ್ನು ಎತ್ತಿ ಬರೆದರೆ ಅಂಕ ಸಿಗುವಂತಹ ಪ್ರಶ್ನೆಗಳನ್ನು ಕೈಬಿಡಿ. ಒಂದರ ಬದಲು ಪರಸ್ಪರ ಒಪ್ಪದ ಎರಡು ದಾಖಲೆಗಳನ್ನು ಕೊಡಿ. 2023ರಲ್ಲಿ ಎನ್‌ಸಿಇಆರ್‌ಟಿಯು ಹನ್ನೆರಡನೇ ತರಗತಿಯ ಪುಸ್ತಕದಿಂದ ಮೊಘಲ್ ಆಸ್ಥಾನಗಳ ಚರಿತ್ರೆಗ್ರಂಥಗಳ ಕುರಿತ ಅಧ್ಯಾಯವನ್ನು ತೆಗೆದುಹಾಕಿತು. ಮಕ್ಕಳ ಹೊರೆ ಇಳಿಸುವ ನೆಪ ಹೇಳಲಾಯಿತು. ಅಕ್ಬರ್‌ನಾಮಾ, ಬಾದಶಾಹ್‌ನಾಮಾಗಳಂತಹ ಗ್ರಂಥಗಳು ಹೇಗೆ ರಚನೆಯಾದವು, ದೊರೆಯನ್ನು ಹೊಗಳಲೆಂದು ಬರೆದ ಗ್ರಂಥವನ್ನು ಹೇಗೆ ಎಚ್ಚರದಿಂದ ಓದಬೇಕು ಎಂದು ಕಲಿಸಬಲ್ಲ ಅಧ್ಯಾಯ ಅದು. ಆಸ್ಥಾನದ ಹೊಗಳಿಕೆಯನ್ನು ಒರೆಹಚ್ಚಲು ಕಲಿಸುವ ಪಾಠವೇ ಹೊರೆಯೆಂದು ಕಂಡಿತೇ? ಅದನ್ನು ಮರಳಿ ಸೇರಿಸಬೇಕೆಂಬುದು ನಮ್ಮ ಆಗ್ರಹ. ಮೊಘಲರ ಮೇಲಿನ ಮೋಹದಿಂದ ನಾವು ಇದನ್ನು ಕೇಳುತ್ತಿಲ್ಲ. ಎಲ್ಲ ಆಸ್ಥಾನಗಳ, ಇಂದಿನ ಆಸ್ಥಾನಗಳ ಗ್ರಂಥಗಳನ್ನೂ ಓದುವ ಕಣ್ಣು ಮಕ್ಕಳಿಗೆ ಬೇಕಾಗಿದೆ.

ಈ ಪರೀಕ್ಷೆಯ ಋತುವಿನಲ್ಲಿ ನಮ್ಮ ಓದುಗರಲ್ಲಿ ನಾವು ಮಾಡುವ ವಿನಂತಿ ಒಂದೇ. ಇತಿಹಾಸದ ಗೈಡನ್ನು ಕೊಳ್ಳುವ ಮುನ್ನ ನಿಮ್ಮ ಮಗುವಿನ ಮುಂದೆ ಒಂದೇ ಘಟನೆಯ ಬಗ್ಗೆ ಇಬ್ಬರು ಬರೆದ ಎರಡು ಬರಹಗಳನ್ನಿಡಿ. ಅವುಗಳಲ್ಲಿ ಒಂದಾದರೂ ನಮಗೆ ಹಿತವಲ್ಲದ್ದಾಗಿರಲಿ. ಅರ್ಧ ಗಂಟೆ ಸುಮ್ಮನಿದ್ದು, ಮಗು ಕೇಳುವ ಪ್ರಶ್ನೆಗಳಿಗೆ ಕಿವಿಗೊಡಿ.